ಓಡುವ ಕಾಲುಗಳಿಗೆ ‘ಬೇಡ’ ಎನ್ನುವವರು

ಜಕಾರ್ತದಿಂದ ದೂರದ ಸೋಲೋ ನಗರದ ಅಂಚಿನ ಕ್ರೀಡಾಂಗಣ. ಬೆಳಗಿನ ಬಾಂಗ್ ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಟಗಾರರು ಎದ್ದಿಲ್ಲ; ಅವರ ಕಾಲುಗಳು ಮಾತ್ರ ಆಗಲೇ ಮೇಜಿನ ಮೇಲೆ ಸಾಲಾಗಿ ಮಲಗಿವೆ. ಕುಡುಗೋಲಿನಂತೆ ಬಾಗಿದ, ಕಪ್ಪು ಕಾರ್ಬನ್ ನಾರಿನ ಹದಿನೇಳು ಕೃತಕ ಪಾದಗಳು. ಅವುಗಳ ಮುಂದೆ ಒಬ್ಬರೇ ಕೂತ, ಪಾದ ಪರೀಕ್ಷಿಸುವ ಸರ್ವೊಕೊ, ಹಳೇ ಹಿತ್ತಾಳೆ ನಾಣ್ಯದಿಂದ ಬೆರಳಗಲ ಜಾಗ ಬಿಟ್ಟು ಬಿಟ್ಟು ತಟ್ಟುತ್ತಾರೆ. ಕಿವಿ ಹತ್ತಿರ ಹಿಡಿದು ಕೇಳುತ್ತಾರೆ. ಒಂದೊಂದು ಪಾದಕ್ಕೆ ನೂರಿಪ್ಪತ್ತು ಸಲ, ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು.

“ಟಿಣ್ ಅಂದ್ರೆ ಪದರ ಕೂಡ್ಕೊಂಡಿವೆ. ಟಪ್ ಅಂದ್ರೆ ಒಳಗೇ ಬಿಟ್ಕೊಂಡಿವೆ. ಅಷ್ಟೇ ನನ್ನ ವಿದ್ಯೆ,” ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ನಾರಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರವಿಟ್ಟು, ಬೇಯಿಸಿ ಗಟ್ಟಿ ಮಾಡಿದ ಪಾದಗಳಿವು. ಲೋಹದ ಹಾಗೆ ಸೊಟ್ಟಗಾಗಿ ಸೂಚನೆ ಕೊಡುವುದಿಲ್ಲ. ಮೊದಲು ನಾರುಗಳ ನಡುವಿನ ಅಂಟಿನಲ್ಲಿ ಕೂದಲೆಳೆಗಿಂತ ಸಣ್ಣ ಬಿರುಕು ಹುಟ್ಟುತ್ತದೆ. ಅಂಥ ಬಿರುಕುಗಳು ಸೇರಿಕೊಂಡು ಪದರದಿಂದ ಪದರ ಬೇರೆಯಾಗುತ್ತದೆ. ಆಮೇಲೆ ಹೊರೆಯೆಲ್ಲ ಉಳಿದ ನಾರುಗಳದ್ದು. ಅವು ಒಂದೊಂದಾಗಿ ಹರಿಯುತ್ತಾ ಹೋಗುತ್ತವೆ. ಮೇಲಿನ ಹೊಳಪು ಮಾತ್ರ ಹಾಗೇ ಇರುತ್ತದೆ. ಒಂದು ದಿನ, ಒಂದೇ ಹೆಜ್ಜೆಗೆ, ಮುರಿಯುತ್ತದೆ.

ಸರ್ವೊಕೊ ಮೊದಲು ಗಿಟಾರ್ ಮಾಡುತ್ತಿದ್ದವರು. ಪಕ್ಕದ ಬಾಕಿ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಮರದ ಹಲಗೆ ತಟ್ಟಿ ತಟ್ಟಿ ಕಿವಿ ಪಳಗಿತು. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದರು. ಒಂಬತ್ತು ವರ್ಷದ ಹಿಂದೆ ಒಂದು ಪಾದ ‘ಟಪ್’ ಎಂದಿತ್ತು. ರಾತ್ರಿಯ ಮಳೆಗೆ ನೆನೆದಿರಬೇಕೆಂದು ಅವರು ಬಿಟ್ಟುಬಿಟ್ಟರು. ಅದು ಜಿಗಿತದ ನಡುವೆ ಮುರಿದು, ತೊಟ್ಟಿದ್ದ ಹುಡುಗನ ಸೊಂಟದ ಮೂಳೆ ಒಡೆಯಿತು.

“ಅವತ್ತಿಂದ ಅನುಮಾನ ಬಂದ್ರೆ ಬೇಡ. ಯಾರೇ ಅತ್ತರೂ ಬೇಡ.”

ಓಟಗಾರರು ಅವರಿಗಿಟ್ಟ ಹೆಸರು ‘ಪಾಕ್ ಜಾಂಗನ್’. ಪಾಕ್ ಎಂದರೆ ಅಪ್ಪ, ಜಾಂಗನ್ ಎಂದರೆ ಬೇಡ; ಒಟ್ಟಿಗೆ ‘ಬೇಡಪ್ಪ’. ಊಟದ ಮನೆಗೆ ಅವರು ತಟ್ಟೆ ಹಿಡಿದು ಬಂದರೆ ಮೇಜಿನಲ್ಲಿ ಮಾತು ನಿಲ್ಲುತ್ತದೆ. “ಬೇಡಪ್ಪ ಬಂದ್ರು, ಕಾಲು ಮುಚ್ಚಿಟ್ಕೊಳ್ರೋ,” ಎಂದು ಯಾರೋ ಪಿಸುಗುಟ್ಟುತ್ತಾರೆ. ಅವರೂ ನಕ್ಕು, ತಟ್ಟೆಯನ್ನು ಕಿಟಕಿಯ ಪಕ್ಕಕ್ಕೆ ಒಯ್ಯುತ್ತಾರೆ.

ಕಳೆದ ಜೂನ್‌ನಲ್ಲಿ ರಾಷ್ಟ್ರೀಯ ತಂಡದ ಆಯ್ಕೆಗೆ ಎರಡು ದಿನವಿದ್ದಾಗ, ನಾನೂರು ಮೀಟರ್ ಓಡುವ ಕಿನಾಸಿಯ ಪಾದ ಹಿಮ್ಮಡಿಯ ಬಾಗಿನಲ್ಲಿ ‘ಟಪ್’ ಎಂದಿತು. ಮೂರು ವರ್ಷ ಅವಳನ್ನು ಗೆಲ್ಲಿಸಿದ ಪಾದ ಅದು. ಸ್ಕ್ಯಾನ್ ಮಾಡುವ ಯಂತ್ರ ಇಲ್ಲಿಲ್ಲ. ಜಕಾರ್ತಕ್ಕೆ ಕಳಿಸಿ ತರಿಸಲು ಸಮಯವಿರಲಿಲ್ಲ.

“ಒಂದು ಗೀರೂ ಇಲ್ಲ ಪಾಕ್, ನೀವೇ ನೋಡಿ!”

“ನೋಡಿದ್ರೆ ಕಾಣಲ್ಲ ಮಗಳೇ. ಕೇಳು.”

“ನಿಮ್ಮ ಕಿವಿಗೆ ವಯಸ್ಸಾಗಿದೆ. ಅದು ನನ್ನ ಕಾಲು, ನಿಮ್ಮದಲ್ಲ.”

“ನಿಂದೇ. ಅದಕ್ಕೇ ಬೇಡ ಅಂತಿರೋದು.”

ಅವಳು ಬದಲಿ ಪಾದದಲ್ಲಿ ಓಡಿದಳು, ನಾಲ್ಕನೆಯವಳಾದಳು. ಮೂವರಿಗಷ್ಟೇ ಜಾಗವಿತ್ತು. ಅಂದಿನಿಂದ ಅವಳು ಸರ್ವೊಕೊ ಜೊತೆ ಮಾತಾಡಿಲ್ಲ. ಪಾದವನ್ನು ಕಿಟಕಿಯಲ್ಲಿಟ್ಟು ಹೋಗುತ್ತಾಳೆ, ಅಲ್ಲಿಂದಲೇ ಒಯ್ಯುತ್ತಾಳೆ.

ಆಯ್ಕೆ ಮುಗಿದ ಮರುದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಸರ್ವೊಕೊ ತಾವು ಬೇಡವೆಂದ ಆ ಪಾದವನ್ನು ಒತ್ತುವ ಯಂತ್ರಕ್ಕೆ ಸಿಕ್ಕಿಸಿದರು. ಓಡುವಾಗ ಬೀಳುವಷ್ಟೇ ಭಾರ ಹಾಕಿ, ಬಾಗಿಸಿ, ಬಿಟ್ಟು, ಮತ್ತೆ ಬಾಗಿಸಿದರು. ಇನ್ನೂರನೇ ಸಲದ ಸುಮಾರಿಗೆ ಒಳಗಿನಿಂದ ಚಿಟಿ ಚಿಟಿ ಸದ್ದು. ಮುನ್ನೂರಕ್ಕೆ ಅಂಚಿನಲ್ಲಿ ಒಂದು ಪದರ ಬಾಯಿ ಬಿಟ್ಟಿತು. ಮುನ್ನೂರ ಹದಿನೇಳನೆಯದಕ್ಕೆ ಪಾದ ಎರಡು ತುಂಡಾಯಿತು.

“ಮೈ ಬಿಸಿ ಮಾಡ್ಕೊಳ್ಳೋ ಓಟ, ಮೊದಲ ಸುತ್ತು, ಫೈನಲ್, ಎಲ್ಲಾ ಸೇರಿದ್ರೆ ಅವಳ ಆ ಕಾಲು ಅಷ್ಟೇ ಸಲ ನೆಲ ಮುಟ್ಟುತ್ತೆ. ಯಂತ್ರ ಮನುಷ್ಯ ಅಲ್ಲ, ಒಂದಷ್ಟು ಹಿಂದೆ ಮುಂದೆ ಆಗಬಹುದು,” ಎನ್ನುತ್ತಾರೆ. ತುಂಡಾದದ್ದನ್ನು ಕಂಡವರು ಅವರೊಬ್ಬರೇ. ಚೂರುಗಳನ್ನು ಪತ್ರಿಕೆಯಲ್ಲಿ ಸುತ್ತಿ ಬೀರುವಿನ ತಳದಲ್ಲಿಟ್ಟಿದ್ದಾರೆ.

“ಅವಳಿಗೆ ತೋರಿಸಲಿಲ್ವಾ ಪಾಕ್? ಕೋಪ ಇಳೀತಿತ್ತಲ್ಲ,” ಎನ್ನುತ್ತೇನೆ.

“ಇಳೀತಿತ್ತು. ಆದ್ರೆ ನಾಳೆಯಿಂದ ಪ್ರತಿ ಹೆಜ್ಜೆಗೂ ಕೆಳಗೆ ನೋಡ್ತಾಳೆ. ಓಡೋರಿಗೆ ಆ ಅಭ್ಯಾಸ ಬರಬಾರದು. ನನ್ನ ಮೇಲೆ ಕೋಪ ಇರಲಿ ಬಿಡಿ, ಅದರಿಂದ ಕಾಲಿಗೇನೂ ಆಗಲ್ಲ.”

ಹಾಗಾದರೆ ಇದನ್ನು ಬರೆಯಬಹುದೇ?

“ಕನ್ನಡದಲ್ಲಿ ತಾನೇ? ಬರೀರಿ. ಅವಳಿಗೆ ಓದೋಕೆ ಬರಲ್ಲ,” ಎಂದು ನಗುತ್ತಾರೆ.

ಹೊರಗೆ ಟ್ರ್ಯಾಕ್ ಮೇಲೆ ಓಟ ಶುರುವಾಗಿದೆ. ಕಿನಾಸಿ ತಿರುವು ದಾಟುತ್ತಿದ್ದಾಳೆ. ಕತ್ತೆತ್ತಿ, ದೂರ ನೋಡುತ್ತಾ. ಅವಳು ಕಣ್ಮರೆಯಾಗುವವರೆಗೂ ಕಿಟಕಿಯಲ್ಲಿ ನಿಂತ ಸರ್ವೊಕೊ ಅವರನ್ನು, ನಿಮಗೇನು ಆಸೆ ಎಂದು ಕೇಳುತ್ತೇನೆ.

“ಓಡೋದು ಬಿಟ್ಟ ಮೇಲೆ, ಇವರಲ್ಲಿ ಯಾರಾದ್ರೂ ಒಬ್ರು, ನೆಟ್ಟಗೆ ನಡ್ಕೊಂಡು, ಸುಮ್ನೆ ನನ್ನ ಮನೆಗೆ ಬರಲಿ. ಶುಂಠಿ ಚಹಾ ಮಾಡ್ಕೊಡ್ತೀನಿ. ಅವತ್ತು ಕಾಲು ತಟ್ಟಿ ನೋಡಲ್ಲ.”