ಎಳನೀರಿನ ಗಂಜಿ

ತೆಂಗಿನ ಸೀಮೆಯಲ್ಲಿ ಹುಟ್ಟಿ, ಎಳನೀರು ಮುಟ್ಟಬೇಡ ಅನ್ನಿಸಿಕೊಂಡವಳು ನಾನು. ಎಂಬತ್ತರ ದಶಕದಲ್ಲಿ, ಇನ್ನೂ ಕಾಲೇಜಿಗೆ ಹೋಗುತ್ತಿದ್ದಾಗ, ನನಗೆ ಲೂಪಸ್ ಅನ್ನೋ ಕಾಯಿಲೆ ಬಂತು. ಮೊದಲು ಗೆಣ್ಣುಗೆಣ್ಣಿಗೂ ನೋವು, ಆಮೇಲೆ ಕೆನ್ನೆಯ ಮೇಲೆ ಕೆಂಪು, ಕೊನೆಗೆ ಪಾದ ಊದಿಕೊಂಡು ಚಪ್ಪಲಿಯೇ ಹಿಡಿಸದಂತಾಯಿತು. ನೊಣವಿನಕೆರೆ ಪಕ್ಕದ ನಮ್ಮೂರಿಂದ ತಿಪಟೂರಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಕಾಯಿಲೆ ಮೂತ್ರಪಿಂಡಕ್ಕೂ ಇಳಿದಿತ್ತು. ಮಾತ್ರೆಗಳಿಗೆ ಅದು ಜಗ್ಗದಿದ್ದಾಗ, ಪ್ಲಾಸ್ಮಾ ಬದಲಾಯಿಸಿ ನೋಡೋಣ ಎಂದರು ಅಲ್ಲಿನ ಡಾಕ್ಟರು.

"ಇವಳ ಮೈಯನ್ನ ಇವಳ ರಕ್ತದಲ್ಲಿರೋದೇ ತಿಂತಾ ಇದೆ. ಅದಿರೋದು ರಕ್ತದ ಹಳದಿ ನೀರಲ್ಲಿ. ಆ ನೀರನ್ನ ಮಿಷನ್ನಲ್ಲಿ ಬೇರೆ ಮಾಡಿ ಚೆಲ್ತೀವಿ. ಉಳಿದಿದ್ದನ್ನ ಬೇರೆಯವರು ಕೊಟ್ಟ ಪ್ಲಾಸ್ಮಾ ಜೊತೆ ವಾಪಸ್ ಬಿಡ್ತೀವಿ. ವಾಸಿಯಾಗೇ ಆಗುತ್ತೆ ಅಂತ ಮಾತು ಕೊಡಕ್ಕಾಗಲ್ಲ."

ಅಪ್ಪ ಕೊಬ್ಬರಿ ಮಾಡುವವನು. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗುವವರೆಗೂ ತಿಂಗಳುಗಟ್ಟಲೆ ಕಾಯುವವನು. "ನೀರು ಹೋದ್ರೇನೇ ಕಣವ್ವ ಕೊಬ್ರಿ ಗಟ್ಟಿಯಾಗೋದು" ಎಂದು ನೆಮ್ಮದಿಯಾಗಿ ಎಲೆ ಅಡಿಕೆ ಹಾಕಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ನಾನೇನು ಅಟ್ಟದ ಕಾಯಿಯೇ?

ಒಂದು ಕಡೆ ಕೂತವಳೇ ಅಲ್ಲ ನಾನು. ಅಂಥವಳನ್ನು ಎರಡೂ ಕೈಗೆ ಸೂಜಿ ಚುಚ್ಚಿ ಮಲಗಿಸಿದರು. ಮೂಗು ತುರಿಸಿದರೂ ಕೈ ಎತ್ತುವಂತಿಲ್ಲ. ತುಟಿ ಜುಮ್ಮೆನ್ನುತ್ತಿತ್ತು, ಚಳಿ ಬೇರೆ. ಪಕ್ಕದಲ್ಲಿ ಚೀಲ ಹಳದಿಯಾಗಿ ತುಂಬುತ್ತಿತ್ತು. ಇಷ್ಟು ದಿನ ನನ್ನನ್ನು ತಿಂದದ್ದು ಇದೇನಾ ಎಂದು ಅದನ್ನೇ ದುರುಗುಟ್ಟಿ ನೋಡುತ್ತಿದ್ದೆ.

ಅಮ್ಮನಿಗೂ ಆ ಚೀಲದ್ದೇ ಚಿಂತೆ. "ಅಷ್ಟು ನೀರು ತಗುದ್ರೆ ಮಗ ಒಣಗೋಗಲ್ವಾ?" ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಲಿ ಯಾರೂ ಬರುವುದಿಲ್ಲ. ಬಂದ ನೆಂಟರೆಲ್ಲ ರೈಲಿನಲ್ಲಿ ಗೊನೆ ಹೊತ್ತು ತಂದು, ನನ್ನ ಮಂಚದ ಕೆಳಗೆ ಎಳನೀರಿನ ರಾಶಿಯೇ ಬಿದ್ದಿತ್ತು. ಡಾಕ್ಟರು ಅದನ್ನು ಕಂಡು ಕೆಂಡವಾದರು. ಅದರಲ್ಲಿ ಪೊಟ್ಯಾಸಿಯಂ ಇದೆ, ಕೆಟ್ಟ ಮೂತ್ರಪಿಂಡ ಅದನ್ನು ಹೊರಗೆ ಹಾಕಲಾರದು, ಹೃದಯ ನಿಂತೇಹೋದೀತು, ಒಂದು ಹನಿಯೂ ಕುಡಿಸಬೇಡಿ ಎಂದರು. ಅಮ್ಮ ತಲೆಯಾಡಿಸಿದಳು. ರಾಶಿಯನ್ನು ಆಸ್ಪತ್ರೆ ಎದುರು ಅವಳು ಅಡುಗೆ ಮಾಡುತ್ತಿದ್ದ ನಮ್ಮ ಬಾಡಿಗೆ ಕೋಣೆಗೆ ಸಾಗಿಸಿದಳು.

ಊತ ಇಳಿಯತೊಡಗಿತ್ತು. ಒಂದು ಬೆಳಿಗ್ಗೆ ಎದ್ದರೆ ಕಾಲು ಕಲ್ಲಾಗಿತ್ತು. ಎದೆ ಒಮ್ಮೆ ಹೊಡೆದುಕೊಂಡು, ಇನ್ನೊಮ್ಮೆ ಮರೆತಂತೆ ಸುಮ್ಮನಾಗುತ್ತಿತ್ತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಏನು ಕುಡಿಸಿದಿರಿ ಎಂದು ಡಾಕ್ಟರು ಅಮ್ಮನನ್ನು ಕೇಳಿದರು.

"ಕುಡಿಸಿಲ್ಲ ಸ್ವಾಮಿ, ಒಂದ್ ಹನೀನೂ ಕುಡಿಸಿಲ್ಲ. ಗಂಜಿ ಕಾಸಕ್ಕೆ ನೀರಿನ ಬದ್ಲು ಹಾಕ್ದೆ, ಅಷ್ಟೇಯ."

ಅವಳು ಏನನ್ನೂ ಮುಚ್ಚಿಡಲಿಲ್ಲ. ಕುಡಿಸುವುದು ಬೇರೆ, ಬೇಯಿಸುವುದು ಬೇರೆ ಎಂದೇ ಅವಳ ಲೆಕ್ಕ. ಡಾಕ್ಟರು ಸ್ಟೂಲಿನ ಮೇಲೆ ಕೂತುಬಿಟ್ಟರು. ಆ ಗಂಜಿ ಸಿಹಿಯಾಗಿದೆಯೆಂದು ನಾನು ತಟ್ಟೆ ನೆಕ್ಕಿದ್ದೆ. ಅವತ್ತು ಸಂಜೆಯವರೆಗೂ ನರ್ಸು ಮತ್ತೆ ಮತ್ತೆ ಬಂದು ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಅಮ್ಮ ಕಾಲ ಬಳಿ ನಿಂತು ಆ ಕೈಯನ್ನೇ ನೋಡುತ್ತಿದ್ದಳು.

ನಾನು ಉಳಿದೆ. ಪ್ಲಾಸ್ಮಾದಿಂದಲೋ ಮಾತ್ರೆಗಳಿಂದಲೋ, ಡಾಕ್ಟರಿಗೂ ಖಚಿತವಿರಲಿಲ್ಲ. ಕೆಲವು ವರ್ಷ ಕಳೆದ ಮೇಲೆ, ಮೂತ್ರಪಿಂಡ ಸುಧಾರಿಸಿದೆ, ಇನ್ನು ಸ್ವಲ್ಪ ಎಳನೀರು ಕುಡಿಯಬಹುದು ಎಂದರು. ನನಗೆ ತಡೆಯಲಾಗಲಿಲ್ಲ. ಊರಿಗೆ ಬಂದವಳೇ ಹಿತ್ತಲಿಗೆ ಹೋಗಿ ಒಂದನ್ನು ಕೆತ್ತಿದೆ. ಆ ಗಂಜಿಯ ದಿನದಿಂದ ಅಮ್ಮನೂ ಎಳನೀರು ಬಾಯಿಗೆ ಇಟ್ಟಿರಲಿಲ್ಲ.

"ಡಾಕ್ಟ್ರೇ ಹೇಳವ್ರೆ ಕಣಮ್ಮ" ಎಂದೆ.

ಅವಳು ಬೇಡ ಅನ್ನಲಿಲ್ಲ. ಹತ್ತಿರ ಬಂದು ನನ್ನ ಎಡಗೈ ಎಳೆದುಕೊಂಡು, ನರ್ಸು ಹಿಡಿಯುತ್ತಿದ್ದ ಹಾಗೆಯೇ ಮಣಿಕಟ್ಟಿನ ಮೇಲೆ ಬೆರಳಿಟ್ಟಳು.

"ಊಂ, ಈಗ ಕುಡಿ" ಎಂದಳು.

ಬುರುಡೆ ಬರಿದಾದ ಮೇಲೂ ಅವಳು ಕೈ ಬಿಡಲಿಲ್ಲ. ನಾನೂ ಅಲ್ಲಾಡದೆ ನಿಂತೆ.