ಮೇಷ್ಟ್ರ ಕೆಮ್ಮು, ಫ್ರೆಂಚ್ ಕ್ರಿಯಾಪದ

ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಹಾರನಹಳ್ಳಿ ಬರುವಷ್ಟರಲ್ಲಿ ಎದ್ದು ಹಿಂದಿನ ಸೀಟಿಗೆ ಹೋದರು. ಹೋಗುವ ಮುಂಚೆ ಒಂದು ಮಾತು ಕೇಳಿದರು: "ಯಾರ ಮೇಲಪ್ಪಾ ಮಾಟ ಮಾಡ್ತಿದೀಯಾ?"

ನಾನು ಫ್ರೆಂಚ್ ಬಾಯಿಪಾಠ ಮಾಡುತ್ತಿದ್ದೆ. ಕ ಜ ದಾಂಸಾಸ್, ಕ ತ್ಯು ದಾಂಸಾಸ್, ಕಿಲ್ ದಾಂಸಾ, ಕ ನೂ ದಾಂಸಾಸಿಯೋಂ, ಕ ವೂ ದಾಂಸಾಸಿಯೇ, ಕಿಲ್ ದಾಂಸಾಸ್. ಕುಣಿಯುವುದು ಅನ್ನುವ ಒಂದೇ ಕ್ರಿಯಾಪದಕ್ಕೆ ಆರು ರೂಪ. ನಾನು ಕುಣಿಯಲೆಂದು, ನೀನು ಕುಣಿಯಲೆಂದು, ಅವನು ಕುಣಿಯಲೆಂದು ಯಾರೋ ಯಾವಾಗಲೋ ಬಯಸಿದ್ದರು ಎಂದು ಹೇಳಬೇಕಾದಾಗ ಬರುವಂಥದ್ದು. ಕಣ್ಣು ಮುಚ್ಚಿ, ತುಟಿ ಮುಂದೆ ಮಾಡಿ, ಪಂಕ್ಚರ್ ಆದ ಟೈರಿನ ಹಾಗೆ ಸ್ ಸ್ ಎನ್ನುತ್ತಾ ಕೂತವನ ಪಕ್ಕ ಯಾವ ಅಜ್ಜಿ ತಾನೇ ಕೂರುತ್ತಾರೆ?

ಇಷ್ಟು ಕಷ್ಟಕ್ಕೆ ಕಾರಣವಿತ್ತು. ಬೇಲೂರಿನ ದೇವಸ್ಥಾನದಲ್ಲಿ ನಾನು ಇಂಗ್ಲಿಷ್ ಗೈಡು. ಅಲ್ಲಿ ನಮ್ಮ ಸರದಿಯನ್ನು ಚಪ್ಪಲಿ ಹೇಳುತ್ತದೆ. ಬೆಳಿಗ್ಗೆ ಬಂದವರು ಬಂದ ಹಾಗೆ ಗೋಡೆಯ ಪಕ್ಕ ಚಪ್ಪಲಿ ಬಿಡುತ್ತಾರೆ. ಮೊದಲ ಜೊತೆ ಯಾರದೋ ಮೊದಲ ಪ್ರವಾಸಿ ಅವನಿಗೆ. ಸುತ್ತು ಮುಗಿಸಿ ಬಂದವನು ತನ್ನ ಜೊತೆಯನ್ನು ಸಾಲಿನ ತುದಿಗೆ ಹಾಕಬೇಕು. ಅರಸೀಕೆರೆಯಿಂದ ಬರುವ ನನ್ನ ಚಪ್ಪಲಿ ಯಾವತ್ತೂ ತುದಿಯಲ್ಲೇ ಶುರು. ಮಧ್ಯಾಹ್ನ ನನ್ನ ಸರದಿ ಬರುವಾಗ ಪ್ರವಾಸಿಗಳೆಲ್ಲ ಊಟಕ್ಕೆ ಹೋಗಿರುತ್ತಿದ್ದರು. "ಈ ಚಳಿಗಾಲ ನೋಡ್ತೀನಿ. ಆಮೇಲೆ ಸುಮ್ನೆ ಬಂದು ಕೊಬ್ಬರಿ ಮಂಡೀಲಿ ಕೂರು" ಎಂದು ಅಪ್ಪ ಹೇಳಿಬಿಟ್ಟಿದ್ದರು. ಅಪ್ಪ ಹೇಳಿದ್ದನ್ನು ನಾನು ಅವರದೇ ದನಿಯಲ್ಲಿ ಅಮ್ಮನಿಗೆ ಹೇಳಿ ತೋರಿಸಿದೆ. ಅಮ್ಮ ನಕ್ಕರು. ಆದರೆ ಮಾತು ಮಾತೇ.

ಸಾಲಿಗೆ ಸೇರದ ಜೊತೆ ಒಂದೇ ಒಂದಿತ್ತು. ಅದು, ನಾವೆಲ್ಲ ಮೇಷ್ಟ್ರು ಎಂದು ಕರೆಯುತ್ತಿದ್ದ ಹಿರಿಯ ಗೈಡ್ ಒಬ್ಬರದು. ಮೂಲೆಯ ಕಲ್ಲಿನ ಮೇಲೆ, ಸಾಲಿಗೆ ಬೆನ್ನು ಹಾಕಿ ಇರುತ್ತಿತ್ತು. ಫ್ರೆಂಚ್ ಬಲ್ಲ ಗೈಡ್ ಅವರೊಬ್ಬರೇ; ಹರೆಯದಲ್ಲಿ ಪಾಂಡಿಚೇರಿಯಲ್ಲಿದ್ದು ಕಲಿತು ಬಂದವರು. ಫ್ರೆಂಚರ ಗುಂಪು ಬಂದರೆ ಸರದಿಯ ಮಾತೇ ಇಲ್ಲ. ಈಗ ಅವರ ಮಂಡಿ ಹೋಗಿತ್ತು. ಬೇಲೂರು, ಹಳೇಬೀಡು ಎರಡನ್ನೂ ಒಂದೇ ದಿನ ಸುತ್ತಿಸಲು ಆಗುತ್ತಿರಲಿಲ್ಲ. ಬೆಂಗಳೂರಿನ ಟ್ರಾವೆಲ್ಸ್‌ನವರು ಚಳಿಗಾಲಕ್ಕೆ ಮೊದಲು ಬಂದು ಇನ್ನೊಬ್ಬ ಫ್ರೆಂಚ್ ಗೈಡನ್ನು ಗೊತ್ತುಮಾಡಿಕೊಳ್ಳುತ್ತಾರೆಂದು ಸುದ್ದಿ ಬಂತು. ನಾನು ಹೋಗಿ ಮೇಷ್ಟ್ರ ಮುಂದೆ ನಿಂತೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ರಟ್ಟು ಕಿತ್ತುಹೋದ ವ್ಯಾಕರಣದ ಪುಸ್ತಕ ತೆಗೆದು, ನೇರ ಕೊನೆಯ ಪುಟಗಳಿಗೆ ಹೋಗಿ, ಈ ಆರು ರೂಪ ಬರೆದುಕೊಟ್ಟರು. "ಇದು ಬಂದ್ರೆ ಮಿಕ್ಕಿದ್ದು" ಎಂದರು.

ನನಗೆ ಒಂದೇ ವಿದ್ಯೆ ಗೊತ್ತಿದ್ದದ್ದು, ಅಣಕ. ಹಾಗಾಗಿ ಕ್ರಿಯಾಪದದ ಜೊತೆ ಮೇಷ್ಟ್ರನ್ನೂ ಕಲಿತೆ. ಕುಣಿಯುವ ಹೆಣ್ಣಿನ ಶಿಲ್ಪದ ಕೆಳಗೆ ಅವರು ಮಂಡಿ ಉಜ್ಜಿಕೊಂಡು, ಒಮ್ಮೆ ಕೆಮ್ಮಿ, "ಲ ರ್ವಾ ವೂಲೆ ಕ ಲಾ ಪಿಯೆರ್ ದಾಂಸಾ" ಎನ್ನುತ್ತಿದ್ದರು. ಕಲ್ಲು ಕುಣಿಯಲೆಂದು ರಾಜ ಬಯಸಿದ್ದ. ನಾನೂ ಮಂಡಿ ಉಜ್ಜಿದೆ, ಕೆಮ್ಮಿದೆ, ದಾಂಸಾ ಎಂದೆ. ನನಗೆ ಮಂಡಿ ನೋವಿಲ್ಲದಿದ್ದರೂ ಮಂಡಿ ಉಜ್ಜುವುದು ವಾಕ್ಯದ ಭಾಗವೆಂದೇ ನಂಬಿದ್ದೆ. ಟೀ ಅಂಗಡಿಯಲ್ಲಿ ಇದನ್ನೇ ದಿನಕ್ಕೆರಡು ಆಟ ಮಾಡಿ ತೋರಿಸಿ ಗೈಡುಗಳನ್ನೆಲ್ಲ ನಗಿಸುತ್ತಿದ್ದೆ.

ಒಂದು ದಿನ ಹಳೇಬೀಡಿನಲ್ಲಿ ಒಬ್ಬ ಫ್ರೆಂಚ್ ಹುಡುಗ, ಅವನ ಹೆಂಡತಿ ಸಿಕ್ಕರು. ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಬರಿಗಾಲಲ್ಲಿ ಹಾರಿ ಹಾರಿ ನಡೆಯುತ್ತಿದ್ದರು. ನೀವು ಬೇಗ ಬರಬೇಕಿತ್ತು ಎನ್ನಲು ನಾನು, ಮೇಷ್ಟ್ರ ಪುಸ್ತಕದ ಅದೇ ಪುಟದಲ್ಲಿ ಕಂಡಿದ್ದ ಇನ್ನೊಂದು ಕ್ರಿಯಾಪದ ಹಾಕಿ, ಗಂಭೀರವಾಗಿ, "ಇಲ್ ಫಾಲೆ ಕ ವೂ ವ್ಯಾಂಸಿಯೇ ಪ್ಲ್ಯು ತೋ" ಎಂದೆ. ಇಬ್ಬರೂ ಕಾಲು ಸುಡುವುದನ್ನು ಮರೆತು ನಿಂತರು. ಆಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಂಗ್ಲಿಷಿನಲ್ಲಿ ಹೇಳಿದಳು: ತಪ್ಪಿಲ್ಲ, ಆದರೆ ಹೀಗೆ ಯಾರೂ ಮಾತಾಡುವುದಿಲ್ಲ, ನಮ್ಮ ಅಜ್ಜನೂ ಮಾತಾಡುತ್ತಿರಲಿಲ್ಲ, ಇದು ಹಳೇ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಬಾಣಾವರದ ಸ್ಟೇಷನ್ನಿನಲ್ಲಿ ನಿಂತು ಯಾರಾದರೂ ಹಳಗನ್ನಡದಲ್ಲಿ ಟೀ ಕೇಳಿದರೆ ಹೇಗಿರುತ್ತದೋ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಜನರನ್ನು ನಗಿಸುವುದು ನನಗೆ ಹೊಸದಲ್ಲ. ನಾನು ನಗಿಸದೆಯೇ ಅವರು ನಕ್ಕದ್ದು ಮಾತ್ರ ಹೊಸದು.

ಅಂದಿನಿಂದ ನನ್ನ ತಲೆಯೊಳಗೆ ಅನುಮಾನ ಹೊಕ್ಕಿತು. ಮೊದಲ ಪಾಠದ ಬದಲು ಕೊನೆಯ ಪುಟವನ್ನೇಕೆ ತೆಗೆದರು? ನೀರು ಬೇಕಾ, ಸುಸ್ತಾಯಿತಾ, ಹುಷಾರು ಮೆಟ್ಟಿಲು, ಇಂಥವನ್ನು ಕೇಳಿದಾಗಲೆಲ್ಲ "ಆಮೇಲೆ, ಆಮೇಲೆ" ಎಂದದ್ದೇಕೆ? ಟೀ ಅಂಗಡಿಯಲ್ಲಿ ನನ್ನ ಜೊತೆಯ ಗೈಡ್ ಒಬ್ಬನಿಗೆ ಹೇಳಿದೆ. ಅವನು ಅರೇಹಳ್ಳಿಯವನು, ಅನುಮಾನಕ್ಕೆ ನೀರೆರೆಯುವುದರಲ್ಲಿ ಎತ್ತಿದ ಕೈ.

"ಲೋ, ಇಷ್ಟ್ ವರ್ಷದಲ್ಲಿ ಯಾರಿಗೂ ಒಂದಕ್ಷರ ಕಲಿಸ್ದೋರಲ್ಲ ಕಣ್ಲಾ ಅವ್ರು. ನಿಂಗ್ಯಾಕ್ ಕಲಿಸ್ತವ್ರೆ, ಯೋಚ್ನೆ ಮಾಡಿದೀಯಾ?"

"ಯಾಕೆ?"

"ಅವ್ರ ಅಣ್ಣನ ಮಗ ಮೈಸೂರಲ್ಲಿ ಓದ್ತವ್ನೆ. ಫ್ರೆಂಚೂ ಐತಂತೆ. ಬೆಂಗಳೂರ್ನೋರ ಮುಂದೆ ನೀನು ಹಳೇ ಪುರಾಣ ಒದರಬೇಕು, ಅವ್ನು ಬಂದು ನೆಟ್ಟಗೆ ಮಾತಾಡಬೇಕು. ಆಯ್ತಲ್ಲ ಕೆಲ್ಸ!"

ಆಮೇಲೆ ಮೇಷ್ಟ್ರು ಕೆಮ್ಮಿದರೂ ಅದರಲ್ಲಿ ಏನೋ ಹುನ್ನಾರವಿದೆ ಅನ್ನಿಸತೊಡಗಿತು. ಫೋನಿನಲ್ಲಿ ಮಾತಾಡಿದರೆ ಮೈಸೂರಿಗೇ. ನಕ್ಕರೆ ನನ್ನ ಬಗ್ಗೆಯೇ. ಮುಂದಿನ ಫ್ರೆಂಚ್ ಗುಂಪು ಬಂದ ದಿನ ನಾನು ದೇವಸ್ಥಾನದೊಳಗೆ ನವರಂಗದ ಕಂಬದ ಹಿಂದೆ ಅಡಗಿ ಕಿವಿಗೊಟ್ಟೆ. ಅಷ್ಟರಲ್ಲಿ ನನ್ನ ಫೋನಿನಲ್ಲಿ ವಿಡಿಯೋ ನೋಡಿ ಕಲಿತಿದ್ದ ನಾಲ್ಕಕ್ಷರದ ಫ್ರೆಂಚಿನಿಂದಲೇ ಗೊತ್ತಾಯಿತು: ಮೇಷ್ಟ್ರು ಪೂರ್ತಿ ಹೊತ್ತು ಸರಳವಾಗಿ, ಹಗುರಾಗಿ, ಅಂಗಡಿಯವರ ಹಾಗೆ ಮಾತಾಡುತ್ತಿದ್ದರು. ನೀರು, ಮೆಟ್ಟಿಲು, ಸುಸ್ತು ಎಲ್ಲ ಬಂತು. ನನಗೆ ಕೊಟ್ಟ ಸ್ ಸ್ ಒಂದೂ ಇಲ್ಲ. ಮೈ ಉರಿದುಹೋಯಿತು.

ಮೇಷ್ಟ್ರು ಹೊರಗೆ ಹೋಗಿ ಕುಣಿಯುವ ಹೆಣ್ಣಿನ ಶಿಲ್ಪದ ಕೆಳಗೆ ನಿಂತರು; ನಾನು ಬಾಗಿಲ ಮರೆಗೆ ಬಂದೆ. ಮಂಡಿ ಉಜ್ಜಿದರು. ಕೆಮ್ಮಿದರು. "ಲ ರ್ವಾ ವೂಲೆ ಕ ಲಾ ಪಿಯೆರ್ ದಾಂಸಾ." ಅಷ್ಟು ಹೊತ್ತು ಫೋಟೋ ತೆಗೆಯುತ್ತಿದ್ದ ಗುಂಪು ಕೈ ಇಳಿಸಿತು. ವಯಸ್ಸಾದ ಒಬ್ಬರು ಆ ಕೊನೆಯ ಪದವನ್ನು ತಮ್ಮಷ್ಟಕ್ಕೇ ಇನ್ನೊಮ್ಮೆ ಹೇಳಿಕೊಂಡು ಮೇಲೆ ನೋಡಿದರು. ಯಾರೂ ನಗಲಿಲ್ಲ.

ಗುಂಪು ಹೋದ ಮೇಲೆ ನಾನು ಬಾಗಿಲ ಮರೆಯಿಂದ ಹೊರಗೆ ಬಂದೆ.

"ನಂಗೆ ಇದೊಂದನ್ನೇ ಯಾಕ್ ಕಲಿಸಿದ್ರಿ ಮೇಷ್ಟ್ರೇ? ಮಿಕ್ಕಿದ್ದೆಲ್ಲ ಮೈಸೂರಿಗೆ ಪಾರ್ಸಲ್ಲಾ?"

ಮೇಷ್ಟ್ರು ಜಗುಲಿಯ ಅಂಚಿನಲ್ಲಿ ನಿಧಾನವಾಗಿ ಕೂತರು. "ಮೈಸೂರಿನೋನು ಓದ್ತಿರೋದು ಅಡಿಗೆ ಕಣೋ. ಹೋಟೆಲ್ ಕೆಲಸ. ಅವನ ಫ್ರೆಂಚು ಸಾಸಿವೆ, ಬೆಣ್ಣೆಗೆ ಮುಗೀತು. ನೀನು ಟೀ ಅಂಗಡೀಲಿ ದಿನಾ ನನ್ನ ಮಂಡಿ ಉಜ್ಜಿ ತೋರಿಸ್ತೀಯಂತಲ್ಲ?"

ಮಂಡಿ ಉಜ್ಜುವ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ನನ್ನ ಆಡ್ಕೊಳ್ಳೋಕೇ ಕಲಿಯಕ್ಕೆ ಬಂದಿದಾನೆ ಅಂದ್ಕೊಂಡೆ. ಎಲ್ಲಕ್ಕಿಂತ ಕಷ್ಟದ್ದು ಕೊಟ್ರೆ ವಾರಕ್ಕೇ ಓಡ್ತಾನೆ, ಪೀಡೆ ಕಳೀತು ಅಂತ. ನೀನು ಬಸ್ಸಲ್ಲೂ ಜಪ ಮಾಡ್ತೀಯಂತೆ. ಕಂಡಕ್ಟರ್ ಹೇಳ್ದ." ಕಾಲು ಚಾಚಿಕೊಂಡು, "ಎಲ್ಲಿ, ನನ್ನ ಮಾಡು ನೋಡಣ" ಎಂದರು.

"ಬೇಡಿ ಮೇಷ್ಟ್ರೇ."

"ಅಂಗಡೀಲಿ ಆಗುತ್ತೆ, ನನ್ನ ಮುಂದೆ ಆಗಲ್ವಾ? ಮಾಡು."

ಮಾಡಿದೆ. ಮಂಡಿ, ಕೆಮ್ಮು, ದಾಂಸಾ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ದರ್ಜಿ ಬೇರೆಯವನು ಹೊಲಿದ ಅಂಗಿ ನೋಡುವ ಹಾಗೆ ನೋಡಿದರು.

"ಕೆಮ್ಮು ಗಿಡ್ಡ ಆಯ್ತು."

"ಕೆಮ್ಮಾ?"

"ನಾನ್ಯಾಕೆ ಕೆಮ್ತೀನಿ ಗೊತ್ತಾ? ನಂಗೆ ಆ ರೂಪ ಇವತ್ತಿಗೂ ತಟ್ಟನೆ ಬರಲ್ಲ ಕಣೋ. ಕೆಮ್ಮಿದಾಗ ಒಳಗೇ ನಾನು, ನೀನು, ಅವನು ಅಂತ ಎಣಿಸ್ಕೊಂಡು ಬರ್ತೀನಿ. ಕಲ್ಲಿಗೆ ಬಂದಾಗ ಕೆಮ್ಮು ನಿಲ್ಲಿಸ್ತೀನಿ. ನೀನು ಬರೀ ಗಂಟಲು ಕೆಮ್ತಿದೀಯ."

ಇಷ್ಟು ವರ್ಷ ಇಡೀ ಬೇಲೂರು ಮೇಷ್ಟ್ರ ಎದೆಯ ಬಗ್ಗೆ ಚಿಂತೆ ಮಾಡಿತ್ತು. ಒಬ್ಬರು ಕಷಾಯ ಕೂಡ ತಂದುಕೊಟ್ಟಿದ್ದರು; ಮೇಷ್ಟ್ರು ಕುಡಿದಿದ್ದರು.

"ಇದನ್ನ ಒಂದೇ ಕಡೆ ಇಡಬೇಕು" ಎಂದರು. "ರಾಜ ಬಯಸಿದ್ದ, ಈಗ ರಾಜನೂ ಇಲ್ಲ. ಅಲ್ಲಿ ಮಾತ್ರ. ನಿನ್ನ ಹಳೇಬೀಡಿನ ಕಥೇನೂ ಕಿವಿಗೆ ಬಿತ್ತು. ಬಿಸಿಲಿಗೆ, ಚಪ್ಪಲಿಗೆಲ್ಲ ಇಟ್ರೆ ನಗದೆ ಇನ್ನೇನು ಮಾಡ್ತಾರೆ? ನಾಳೆಯಿಂದ ನೀರು, ಮೆಟ್ಟಿಲು ಶುರು ಮಾಡಣ."

ಟ್ರಾವೆಲ್ಸ್‌ನವರು ಬರಲು ಐದು ವಾರವಿತ್ತು. ಬಸ್ಸಿನಲ್ಲಿ ನೀರು, ಮೆಟ್ಟಿಲು ಜಪಿಸಿದೆ. ಅಜ್ಜಿ ಮಾತ್ರ ಮತ್ತೆ ನನ್ನ ಪಕ್ಕ ಕೂರಲಿಲ್ಲ.

ಟ್ರಾವೆಲ್ಸ್‌ನವರು ಕಪ್ಪು ಕನ್ನಡಕದ ತಮ್ಮ ಒಬ್ಬ ಅಧಿಕಾರಿಯನ್ನು, ಆರು ಜನ ಫ್ರೆಂಚರನ್ನು ಕರೆತಂದರು. ನಾನು ನನ್ನ ಗಿಡ್ಡ ಫ್ರೆಂಚಿನಲ್ಲಿ ತಡವರಿಸುತ್ತಾ ಸುತ್ತಿಸಿದೆ. ಎರಡು ಸಲ ತಪ್ಪಿದೆ. ಅಧಿಕಾರಿ ಕೈಗಡಿಯಾರ ನೋಡಿಕೊಂಡರು. ಶಿಲ್ಪದ ಕೆಳಗೆ ಬಂದಾಗ ತಲೆ ಪೂರ್ತಿ ಖಾಲಿಯಾಯಿತು. ಕೆಮ್ಮಿದೆ. ನಾನು, ನೀನು... ಇನ್ನೂ ಕೆಮ್ಮಿದೆ. ಅವನು... ಕಲ್ಲು! "ದಾಂಸಾ" ಎಂದೆ. ಆರು ಜನರಲ್ಲಿ ಒಬ್ಬಾಕೆ ಕ್ಯಾಮೆರಾ ಇಳಿಸಿ ಕಲ್ಲನ್ನೇ ನೋಡಿದಳು.

ಅಧಿಕಾರಿ ಆಮೇಲೆ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಕೇಳಿದ್ದು ನನಗೆ ಕೇಳಿಸಿತು. "ಏನ್ರೀ, ನಿಮ್ ಕೆಮ್ಮು ಇವನಿಗೂ ಅಂಟಿದೆಯಾ?"

"ಹೂಂ ಸಾರ್. ಅಂಟೋವಂಥದ್ದೇ" ಎಂದರು ಮೇಷ್ಟ್ರು. ಇನ್ನೇನು ಹೇಳಿದರೋ, ಪಿಸುಗುಟ್ಟಿದರು. ಹೊಗಳಿದರೋ, ಚಾಡಿ ಹೇಳಿದರೋ ಎಂದು ಎರಡು ದಿನ ನಿದ್ದೆಗೆಟ್ಟೆ.

ಮೂರನೆಯ ದಿನ ಬಂದು ಅಭ್ಯಾಸದಂತೆ ಚಪ್ಪಲಿಯನ್ನು ಸಾಲಿನ ತುದಿಗೆ ಬಿಟ್ಟು ಟೀ ಕುಡಿಯಲು ಹೋದೆ. ತಿರುಗಿ ಬಂದರೆ ಸಾಲಿನಲ್ಲಿ ನನ್ನ ಜೊತೆ ಇಲ್ಲ. ಅರೇಹಳ್ಳಿಯವನ ಮೇಲೆ ಹಾರಿದೆ. "ಎಲ್ಲಿ ಬಚ್ಚಿಟ್ಟಿದೀಯಾ, ತೆಗಿ!" ಅವನು ಟೀ ಲೋಟದ ಮೇಲಿಂದ ಮೂಲೆಯತ್ತ ಗದ್ದ ಎತ್ತಿದ.

ಕಲ್ಲಿನ ಮೇಲೆ, ಮೇಷ್ಟ್ರ ಜೊತೆಯ ಪಕ್ಕ, ನನ್ನ ಹವಾಯಿ ಚಪ್ಪಲಿ ಸಾಲಿಗೆ ಬೆನ್ನು ಹಾಕಿ ಕೂತಿತ್ತು. ಮೇಷ್ಟ್ರು ಕೊಡೆಯ ತುದಿಯಿಂದ ಅದನ್ನು ಇನ್ನೊಂದಿಷ್ಟು ನೆಟ್ಟಗೆ ಮಾಡುತ್ತಿದ್ದರು.

"ಬೆಂಗಳೂರಿನೋರು ಹೂಂ ಅಂದ್ರು. ಹಳೇಬೀಡು ನಿಂದು, ಬೇಲೂರು ನಂದು" ಎಂದರು. "ಮಂಡಿ ಮಾತ್ರ ಉಜ್ಜಬೇಡ. ಅದು ನಂದೇ."