ಅಜ್ಜನ ಭುಜದ ಗಾಯ

ಇವತ್ತು ಕಲ್ಯಾಣ ಸ್ಟೇಶನ್ ಹೊರಗೆ ಮದುವೆ ದಿಬ್ಬಣದ ಕುದುರೆಯೊಂದು ನನ್ನತ್ತ ಹಲ್ಲು ಕಿರಿಯಿತು. ತಕ್ಷಣ ಅಜ್ಜನ ಭುಜದ ಹಳೇ ಗಾಯ ನೆನಪಾಯಿತು.

ಅಜ್ಜನ ಮಿಲಿಟರಿ ಕಾಗದಗಳು ಕಳೆದುಹೋಗಿದ್ದವು. ಪೆನ್ಶನ್ ಬೇಕಾದರೆ ಜೊತೆಗಿದ್ದ ಸಿಪಾಯಿಯೊಬ್ಬರು ಸಾಕ್ಷಿ ಹೇಳಬೇಕೆಂದರು ಕಚೇರಿಯವರು. ಹುಡುಕಿದಾಗ ಅಂಬರನಾಥದಲ್ಲಿ ಒಬ್ಬರು ಸಿಕ್ಕರು. ನಮ್ಮ ಡೊಂಬಿವಲಿ ಚಾಳಿನ ಮನೆಗೆ ಬಂದ ಆ ಮುದುಕರು ಚಹಾ ಮುಟ್ಟದೆ ಅಜ್ಜನನ್ನು ಕಳ್ಳನಂತೆ ದಿಟ್ಟಿಸಿದರು.

"ಗುರ್ತ ಹತ್ತವಲ್ದು. ಅಂಗಿ ಬಿಚ್ಚು."

ಭುಜ ಕಂಡದ್ದೇ ನಕ್ಕುಬಿಟ್ಟರು. "ಖರೇ, ನಮ್ಮಂವನ! ಬೆನ್ನಮ್ಯಾಲೆ ಸಾಮಾನು ಹೇರೂವಾಗ ಹೇಸರಗತ್ತಿ ಕಚ್ಚಿದ್ದಲ್ಲೇನಿದು?"

ಪೆನ್ಶನ್ ಬಂತು. ಆದರೆ ಆ ಗಾಯ ವೈರಿಯ ಗುಂಡೇಟೆಂದು ನಂಬಿ, ಮದುವೆಯಾದಾಗಿನಿಂದ ಆ ಭುಜಕ್ಕೆ ಎಣ್ಣೆ ತಿಕ್ಕಿದ್ದ ಅಜ್ಜಿ ಕೇಳಿದಳು: "ಆ ಯುದ್ಧರೇ ಖರೇ ಆಗಿತ್ತೇನ್ರಿ?"

ಇವತ್ತಿನ ಮದುಮಗ ಸೊಂಟಕ್ಕೆ ಕತ್ತಿ ಕಟ್ಟಿದ್ದ. ನಾನು ಅವನನ್ನೂ ಅಜ್ಜಿಯ ಆ ಸಂಶಯದ ಕಣ್ಣಿನಿಂದಲೇ ನೋಡಿದೆ.